ಹಲವು ಭಾಷೆಗಳ ಟಿವಿ ಆಸ್ಟ್ರೇಲಿಯಾದ ಊರೂರಿಗೆ ಬಂದ ಬಗೆ: ಎಸ್‌ಬಿಎಸ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ನಗರಗಳಿಂದ ದೂರದ ಊರುಗಳಿಗೆ ಕೆಲಸಕ್ಕೆ ಹೋದ ಕನ್ನಡಿಗರು, ಪ್ರಸಾರ ಮಾಧ್ಯಮದ ವಿದ್ಯಾರ್ಥಿಗಳು, ಹಳೆಯ ಟಿವಿ ತಂತ್ರಜ್ಞಾನದಲ್ಲಿ ಆಸಕ್ತಿ ಇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಸುಲಭವಾದವು ಮೊದಲು, ತಾಂತ್ರಿಕವಾದವು ಕೊನೆಗೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲು ತಿಳಿಯಬೇಕಾದದ್ದು

ಎಸ್‌ಬಿಎಸ್ ಅಂದ್ರೆ ಏನು? ಅದು ಸರ್ಕಾರಿ ಚಾನೆಲ್ಲಾ?

ಸ್ಪೆಷಲ್ ಬ್ರಾಡ್‌ಕಾಸ್ಟಿಂಗ್ ಸರ್ವಿಸ್ ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ. ವಲಸೆ ಬಂದವರ ಭಾಷೆಗಳಲ್ಲಿ ಪ್ರಸಾರ ಮಾಡುವುದು, ಹಲವು ಸಂಸ್ಕೃತಿಗಳನ್ನು ಇಡೀ ದೇಶಕ್ಕೆ ತೋರಿಸುವುದು ಅದರ ಕೆಲಸ. ಬೇರು ಇರುವುದು ರೇಡಿಯೊದಲ್ಲಿ. 1975ರಲ್ಲಿ ಸಿಡ್ನಿಯಲ್ಲಿ 2ಇಎ, ಮೆಲ್ಬರ್ನ್‌ನಲ್ಲಿ 3ಇಎ ಎಂಬ ಎರಡು ಕೇಂದ್ರಗಳು ಹಲವು ಭಾಷೆಗಳಲ್ಲಿ ಶುರುವಾದವು. 1978ರ ಜನವರಿ 1ರಂದು ಸಂಸ್ಥೆ ಅಸ್ತಿತ್ವಕ್ಕೆ ಬಂತು. 1979ರಲ್ಲಿ ದೇಶದ ಇನ್ನೊಂದು ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯ ವಾಹಿನಿಯಲ್ಲಿ ಟಿವಿ ಪ್ರಯೋಗ ನಡೆಯಿತು. 1980ರ ಅಕ್ಟೋಬರ್ 24ರಂದು, ವಿಶ್ವಸಂಸ್ಥೆಯ ದಿನ, ಸಿಡ್ನಿ ಮತ್ತು ಮೆಲ್ಬರ್ನ್‌ನಲ್ಲಿ ಸ್ವಂತ ಟಿವಿ ಪ್ರಸಾರ ಆರಂಭವಾಯಿತು. ಹಣದ ದೊಡ್ಡ ಪಾಲು ಸರ್ಕಾರದ್ದು. 1991ರ ಕಾಯ್ದೆಯ ನಂತರ ಗಂಟೆಗೆ 5 ನಿಮಿಷದವರೆಗೆ ಜಾಹೀರಾತಿಗೂ ಅವಕಾಶ ಇದೆ. ಕಾರ್ಯಕ್ರಮಗಳ ವಿಷಯದಲ್ಲಿ ಸರ್ಕಾರ ಕೈಹಾಕುವಂತಿಲ್ಲ.

ಮೊದಲು ಅದನ್ನ "ಚಾನೆಲ್ 0/28" ಅಂತ ಕರೀತಿದ್ರಂತೆ, ಯಾಕೆ ಎರಡು ನಂಬರು?

ಒಂದೇ ಕಾರ್ಯಕ್ರಮವನ್ನು ಎರಡು ತರಂಗಪಟ್ಟಿಗಳಲ್ಲಿ ಒಟ್ಟಿಗೆ ಕಳಿಸುತ್ತಿದ್ದರು. ವಿಎಚ್‌ಎಫ್‌ನ ಚಾನೆಲ್ 0 ಸುಮಾರು 46 ಮೆಗಾಹರ್ಟ್ಸ್‌ನಲ್ಲಿತ್ತು, ಯುಎಚ್‌ಎಫ್‌ನ ಚಾನೆಲ್ 28 ಸುಮಾರು 527 ಮೆಗಾಹರ್ಟ್ಸ್‌ನಲ್ಲಿತ್ತು. ಆಗ ಆಸ್ಟ್ರೇಲಿಯಾದ ಬಹುಪಾಲು ಮನೆಗಳ ಆಂಟೆನಾ ವಿಎಚ್‌ಎಫ್‌ಗೆ ಮಾತ್ರ ಇತ್ತು, ಎಷ್ಟೋ ಸೆಟ್‌ಗಳಲ್ಲಿ ಯುಎಚ್‌ಎಫ್ ಟ್ಯೂನರ್ ಸಹ ಇರಲಿಲ್ಲ. ಬರೀ 28ರಲ್ಲಿ ಶುರುಮಾಡಿದ್ದರೆ ನೋಡುವವರೇ ಸಿಗುತ್ತಿರಲಿಲ್ಲ. ಮೆಲ್ಬರ್ನ್‌ನಲ್ಲಿ ಚಾನೆಲ್ 0 ಖಾಲಿಯಾಗಿದ್ದೂ ಅನುಕೂಲವಾಯಿತು. ಅಲ್ಲಿನ ವಾಣಿಜ್ಯ ಕೇಂದ್ರ ಎಟಿವಿ-0 ಅದೇ ವರ್ಷದ ಜನವರಿಯಲ್ಲಿ ಚಾನೆಲ್ 10ಕ್ಕೆ ಹೋಗಿತ್ತು.

1985ರ ಫೆಬ್ರವರಿಯಲ್ಲಿ ಹೆಸರು ಎಸ್‌ಬಿಎಸ್ ಎಂದಾಯಿತು. 1986ರ ಜನವರಿ 5ರಂದು ಚಾನೆಲ್ 0 ನಿಂತಿತು, ಆಮೇಲೆ ಯುಎಚ್‌ಎಫ್ ಒಂದೇ. ಸಣ್ಣ ಊರುಗಳಿಗೆ ಎಸ್‌ಬಿಎಸ್ ತಡವಾಗಿ ತಲುಪಿದ್ದಕ್ಕೆ ಈ ಯುಎಚ್‌ಎಫ್ ಮುಖ್ಯ ಕಾರಣಗಳಲ್ಲೊಂದು. ಮುಂದಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಅಲ್ಲಿ ಕನ್ನಡ ಬರುತ್ತಾ?

ಕನ್ನಡ ಟಿವಿ ಚಾನೆಲ್‌ಗಳು ಬೇಕಾದವರಿಗೆ ಇಂಟರ್ನೆಟ್ ಒಂದೇ ದಾರಿ. ಎಸ್‌ಬಿಎಸ್‌ನ ವರ್ಲ್ಡ್‌ವಾಚ್ ಚಾನೆಲ್ ಸಂಖ್ಯೆ 35ರಲ್ಲಿ 2022ರ ಮೇ ತಿಂಗಳಿಂದ ಹಿಂದಿಯೂ ಸೇರಿದಂತೆ 30ಕ್ಕೂ ಹೆಚ್ಚು ಭಾಷೆಗಳ ಸುದ್ದಿ ಬರುತ್ತಿದೆ. ಹೊರದೇಶದ ಈ ಸುದ್ದಿಗಳನ್ನು ಬಂದ ಹಾಗೇ ಮರುಪ್ರಸಾರ ಮಾಡುತ್ತಾರೆ, ಅಡಿಬರಹ (ಸಬ್‌ಟೈಟಲ್) ಇರುವುದಿಲ್ಲ. ಸಿನಿಮಾ, ಸಾಕ್ಷ್ಯಚಿತ್ರಗಳ ಮಾತು ಬೇರೆ. ಅವುಗಳಿಗೆ ಅಡಿಬರಹ ಬರೆಯಲು ಎಸ್‌ಬಿಎಸ್ ಸ್ವಂತ ವಿಭಾಗವನ್ನೇ ಕಟ್ಟಿತು, ಅವರ ಅಡಿಬರಹದ ಗುಣಮಟ್ಟಕ್ಕೆ ಜಗತ್ತಿನಾದ್ಯಂತ ಗೌರವವಿದೆ.

## ಊರೂರಿಗೆ ಹಬ್ಬಿದ ಬಗೆ

ಸಿಡ್ನಿ, ಮೆಲ್ಬರ್ನ್ ಬಿಟ್ಟು ಮೊದಲು ಬಂದಿದ್ದು ಯಾವ ಊರಿಗೆ?

1983ರ ಅಕ್ಟೋಬರ್‌ನಲ್ಲಿ ರಾಜಧಾನಿ ಕ್ಯಾನ್‌ಬೆರಾಕ್ಕೆ, ಅದರ ಜೊತೆಗೇ ಕೂಮಾ ಮತ್ತು ಗೌಲ್‌ಬರ್ನ್‌ಗೆ. ಈ ಪಟ್ಟಿಯಲ್ಲಿ ಕೂಮಾ ಎಂಬ ಪುಟ್ಟ ಊರು ಇರುವುದನ್ನು ಗಮನಿಸಿ. 1949ರಿಂದ 1974ರವರೆಗೆ ನಡೆದ ಸ್ನೋಯಿ ಮೌಂಟನ್ಸ್ ಜಲವಿದ್ಯುತ್ ಯೋಜನೆಯ ಕೇಂದ್ರ ಕಚೇರಿ ಅಲ್ಲಿತ್ತು. 30ಕ್ಕೂ ಹೆಚ್ಚು ದೇಶಗಳಿಂದ ಬಂದ ಲಕ್ಷಕ್ಕೂ ಹೆಚ್ಚು ಜನ ಆ ಅಣೆಕಟ್ಟು, ಸುರಂಗಗಳಲ್ಲಿ ದುಡಿದರು.

1985ರ ಜೂನ್‌ನಲ್ಲಿ ಬ್ರಿಸ್ಬೇನ್, ಅಡಿಲೇಡ್, ನ್ಯೂಕ್ಯಾಸಲ್, ವೊಲೊಂಗಾಂಗ್, ಗೋಲ್ಡ್ ಕೋಸ್ಟ್ ಸೇರಿದವು. 1986ರಲ್ಲಿ ಪರ್ತ್ ಮತ್ತು ಹೋಬಾರ್ಟ್. ದೊಡ್ಡ ನಗರಗಳ ಹಂತ ಬಹುಮಟ್ಟಿಗೆ ಮುಗಿಯಲು ಆರು ವರ್ಷ ಬೇಕಾಯಿತು. ಉಳಿದ ಊರುಗಳು ಇನ್ನೂ ಹತ್ತು ಹದಿನೈದು ವರ್ಷ ಕಾದವು.

ವಲಸೆಗಾರರು ಹಳ್ಳಿ ಕಡೆ ಇರಲಿಲ್ವಾ? ಅದಕ್ಕೇ ತಡವಾಯ್ತಾ?

ಇದ್ದರು, ಬಹಳ ಮಂದಿಯೇ ಇದ್ದರು. ಗ್ರಿಫಿತ್‌ನ ತೋಟಗಳಲ್ಲಿ, ಇಂಗಮ್‌ನ ಕಬ್ಬಿನ ಗದ್ದೆಗಳಲ್ಲಿ ಇಟಲಿಯವರು. ಶೆಪರ್ಟನ್‌ನ ಹಣ್ಣಿನ ತೋಟಗಳಲ್ಲಿ ಅಲ್ಬೇನಿಯನ್ನರು. ರೆನ್‌ಮಾರ್ಕ್ ಕಡೆ ಗ್ರೀಕರು. ವೂಲ್‌ಗೂಲ್ಗಾದ ಬಾಳೆತೋಟಗಳಲ್ಲಿ ಪಂಜಾಬಿ ಸಿಖ್ಖರು. ಓಪಲ್ ಗಣಿಗಳ ಕೂಬರ್ ಪೀಡಿಯಲ್ಲಂತೂ ಹತ್ತಾರು ದೇಶದವರು. ನಗರದಲ್ಲಾದರೆ ತಾಯ್ನುಡಿಯ ಪತ್ರಿಕೆ, ಸಂಘ, ಸಿನಿಮಾ ಪ್ರದರ್ಶನ ಇತ್ತು. ಈ ಊರುಗಳಲ್ಲಿ ಅಷ್ಟೂ ಸಿಗುವುದು ಕಷ್ಟವಿತ್ತು. ಹೆಚ್ಚು ಬೇಕಿದ್ದವರಿಗೇ ಕೊನೆಗೆ ಸಿಕ್ಕಿತು, ಈ ಚರಿತ್ರೆಯಲ್ಲಿ ಮರೆಯಬಾರದ ಸಂಗತಿ ಇದು.

ತಡವಾದದ್ದು ಜನ ಇಲ್ಲದ್ದರಿಂದಲ್ಲ, ಹಣ ಮತ್ತು ಭೂಗೋಳದಿಂದ. ಒಂದು ದೊಡ್ಡ ಪ್ರೇಷಕ (ಟ್ರಾನ್ಸ್‌ಮಿಟರ್) ನಗರದಲ್ಲಿ ಹತ್ತಾರು ಲಕ್ಷ ಜನರನ್ನು ಮುಟ್ಟುತ್ತದೆ. ಅದೇ ಖರ್ಚಿನ ಪ್ರೇಷಕ ಒಳನಾಡಿನಲ್ಲಿ ಕೆಲವು ಸಾವಿರ ಜನರನ್ನು ಮುಟ್ಟುತ್ತದೆ. ಇದರ ಮೇಲೆ 1986ರಲ್ಲಿ ಸರ್ಕಾರ ಎಸ್‌ಬಿಎಸ್ ಅನ್ನು ಎಬಿಸಿಯೊಳಗೆ ವಿಲೀನ ಮಾಡಲು ಹೊರಟಿತು. ವಲಸೆ ಸಮುದಾಯಗಳ ತೀವ್ರ ವಿರೋಧದಿಂದ 1987ರಲ್ಲಿ ಆ ಯೋಚನೆ ಬಿಟ್ಟಿತು.

ಬೇರೆ ಚಾನೆಲ್ ಬರ್ತಿದ್ದ ಮನೆಯಲ್ಲಿ ಎಸ್‌ಬಿಎಸ್ ಮಾತ್ರ ಯಾಕೆ ಬರ್ತಿರಲಿಲ್ಲ?

ಆಂಟೆನಾದ ಉದ್ದ ತರಂಗದ ಉದ್ದಕ್ಕೆ ಹೊಂದಬೇಕು. ಚಾನೆಲ್ 0ಗೆ ಅರ್ಧ ತರಂಗದ ದಂಡ ಸುಮಾರು 3.2 ಮೀಟರ್. ಚಾನೆಲ್ 28ಕ್ಕೆ ಬರೀ 28 ಸೆಂಟಿಮೀಟರ್. ವಿಎಚ್‌ಎಫ್ ಆಂಟೆನಾ ಯುಎಚ್‌ಎಫ್ ಅನ್ನು ಸರಿಯಾಗಿ ಹಿಡಿಯುವುದಿಲ್ಲ. ಯುಎಚ್‌ಎಫ್ ಅಲೆಗಳು ಗುಡ್ಡದ ಹಿಂದಕ್ಕೆ ಬಾಗುವುದೂ ಕಡಿಮೆ, ಕೇಬಲ್‌ನಲ್ಲಿ ಸೋರುವುದು ಹೆಚ್ಚು. ಹಾಗಾಗಿ ಎಸ್‌ಬಿಎಸ್ ಬೇಕೆಂದರೆ ಹೊಸ ಆಂಟೆನಾ, ಒಳ್ಳೆಯ ಕೇಬಲ್, ಹಳೆಯ ಸೆಟ್ ಆಗಿದ್ದರೆ ಯುಎಚ್‌ಎಫ್ ಕನ್ವರ್ಟರ್, ಇಷ್ಟೂ ಕೊಳ್ಳಬೇಕಿತ್ತು.

ಹಲವರು ಕಂಡುಕೊಂಡ ಅಗ್ಗದ ದಾರಿ ವಿಸಿಆರ್. ಅದರೊಳಗೆ ಯುಎಚ್‌ಎಫ್ ಟ್ಯೂನರ್ ಇರುತ್ತಿತ್ತು. ಆಂಟೆನಾವನ್ನು ವಿಸಿಆರ್‌ಗೆ ಜೋಡಿಸಿ, ವಿಸಿಆರ್‌ನ ಚಾನೆಲ್ ಗುಂಡಿಯಿಂದ 28ಕ್ಕೆ ಟ್ಯೂನ್ ಮಾಡಿ, ಟಿವಿಯಲ್ಲಿ ಚಾನೆಲ್ 0 ಅಥವಾ 1 ಹಾಕಿ ನೋಡುತ್ತಿದ್ದರು. ಆ ಊರಲ್ಲಿ 0 ಅಥವಾ 1ರಲ್ಲಿ ನಿಜವಾದ ಪ್ರಸಾರವೂ ಇದ್ದರೆ ಚಿತ್ರದ ಮೇಲೆ ಗೆರೆಗಳು ಹರಿದಾಡುತ್ತಿದ್ದವು. ಆಗ ವಿಸಿಆರ್ ಹಿಂದಿನ ಸಣ್ಣ ಸ್ವಿಚ್‌ನಿಂದ ಇನ್ನೊಂದಕ್ಕೆ ಬದಲಾಯಿಸಬೇಕಿತ್ತು.

ಹಾಗಾದ್ರೆ ಒಳನಾಡಿನ ಜನ ಯುಎಚ್‌ಎಫ್ ಆಂಟೆನಾ ಹಾಕಿಸಿದ್ದು ಯಾವಾಗ?

ಅವಸರ ತಂದದ್ದು ವಾಣಿಜ್ಯ ಚಾನೆಲ್‌ಗಳು. ಅಲ್ಲಿಯವರೆಗೆ ಒಳನಾಡಿನಲ್ಲಿ ಸಾಮಾನ್ಯವಾಗಿ ಒಂದು ಎಬಿಸಿ, ಒಂದು ವಾಣಿಜ್ಯ ಕೇಂದ್ರ ಅಷ್ಟೇ. 1989ರ ಮಾರ್ಚ್ ಕೊನೆಯಲ್ಲಿ ದಕ್ಷಿಣ ನ್ಯೂ ಸೌತ್ ವೇಲ್ಸ್‌ನಿಂದ ಶುರುವಾದ ಬದಲಾವಣೆಯಲ್ಲಿ ಅಕ್ಕಪಕ್ಕದ ಪ್ರದೇಶಗಳನ್ನು ಒಂದು ದೊಡ್ಡ ಮಾರುಕಟ್ಟೆಯಾಗಿ ಕೂಡಿಸಿ, ಮೂರು ವಾಣಿಜ್ಯ ಚಾನೆಲ್‌ಗಳು ಎಲ್ಲರಿಗೂ ಸಿಗುವಂತೆ ಮಾಡಿದರು. ಹೊಸದಾಗಿ ಬಂದವುಗಳಲ್ಲಿ ಹೆಚ್ಚಿನವು ಯುಎಚ್‌ಎಫ್‌ನಲ್ಲಿ. ಜನ ಅವಕ್ಕಾಗಿ ಆಂಟೆನಾ ಹಾಕಿಸಿದರು, ಎಸ್‌ಬಿಎಸ್ ಬಂದಾಗ ಆಂಟೆನಾ ಆಗಲೇ ಛಾವಣಿಯ ಮೇಲಿತ್ತು.

ಸಣ್ಣ ಊರುಗಳಿಗೆ ಹಣ ಎಲ್ಲಿಂದ ಬಂತು?

ಮೂರು ಕಡೆಯಿಂದ. ಒಂದು, ಸರ್ಕಾರದ ಪ್ರಸಾರ ಜಾಲದ ವಿಸ್ತರಣೆ. ಎರಡು, ಟೆಲ್‌ಸ್ಟ್ರಾ ಕಂಪನಿಯ ಎರಡನೇ ಕಂತಿನ ಷೇರು ಮಾರಾಟದ ಹೊತ್ತಿಗೆ, 1999ರಲ್ಲಿ, ಘೋಷಿಸಿದ ಟೆಲಿವಿಷನ್ ಫಂಡ್. ಸಿಗ್ನಲ್ ಬಾರದ ಜಾಗಗಳನ್ನು ಸರಿಪಡಿಸುವುದು, ಎಸ್‌ಬಿಎಸ್ ಅನ್ನು ಇನ್ನಷ್ಟು ಪಟ್ಟಣಗಳಿಗೆ ಒಯ್ಯುವುದು ಅದರ ಉದ್ದೇಶ. ಮೂರನೆಯದು ಊರಿನವರದೇ ಹಣ. ಪುರಸಭೆ, ಗಣಿ ಕಂಪನಿ ಅಥವಾ ಟಿವಿ ಸಮಿತಿ ಗುಡ್ಡದ ಮೇಲೆ ಪುಟ್ಟ ಮರುಪ್ರಸಾರ ಕೇಂದ್ರ ಹಾಕಿಸುವುದು. ಇದನ್ನು ಅಲ್ಲಿ ಸೆಲ್ಫ್ ಹೆಲ್ಪ್ ಎನ್ನುತ್ತಾರೆ. ಚಂದಾ ಎತ್ತಿ, ಲೈಸೆನ್ಸ್ ಪಡೆದು, ರಿಪೇರಿಯನ್ನೂ ತಾವೇ ನೋಡಿಕೊಂಡ ಈ ಸಮಿತಿಗಳ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ನಮ್ಮ ಕಡೆ ದೂರದರ್ಶನ ಹಳ್ಳಿಗೆ ಬಂದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಕರ್ನಾಟಕದಲ್ಲಿ ಕ್ರಮ ತಿರುಗುಮುರುಗು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಪ್ರಯೋಗದಲ್ಲಿ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಪ್ರಸಾರ ಬಂತು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ತಂತಿಬಲೆಯ ಸುಮಾರು 3 ಮೀಟರ್ ಡಿಶ್, ಊರಿಗೊಂದು ಟಿವಿ. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾದದ್ದು ಆಮೇಲೆ, 1981ರ ನವೆಂಬರ್ 1ರಂದು. ಕಲ್ಯಾಣ ಕರ್ನಾಟಕದ ಹಳ್ಳಿ ರಾಜಧಾನಿಗಿಂತ ಮುಂಚೆ ಕನ್ನಡ ಟಿವಿ ಕಂಡಿತು. ಆಸ್ಟ್ರೇಲಿಯಾದ ಸ್ವಂತ ಉಪಗ್ರಹ ಆಸಾಟ್ ಹಾರಿದ್ದು 1985ರಲ್ಲಿ.

ಮೂಲನಿವಾಸಿಗಳ ಊರುಗಳಿಗೆ ಬೇರೆ ವ್ಯವಸ್ಥೆ ಇತ್ತಾ?

ಇತ್ತು. 1987ರಲ್ಲಿ ಶುರುವಾದ ಬ್ರಾಕ್ಸ್ ಯೋಜನೆಯಲ್ಲಿ ದೂರದ ಸಮುದಾಯಗಳಿಗೆ ಉಪಗ್ರಹ ರಿಸೀವರ್ ಮತ್ತು ಪುಟ್ಟ ಪ್ರೇಷಕದ ಜೊತೆ ಕ್ಯಾಮೆರಾ, ವಿಸಿಆರ್ ಕೂಡ ಕೊಟ್ಟರು. ಬೇಕೆಂದಾಗ ಉಪಗ್ರಹದ ಪ್ರಸಾರ ನಿಲ್ಲಿಸಿ ತಮ್ಮ ನುಡಿಯ ಕಾರ್ಯಕ್ರಮ ಹಾಕಲು ಅದರಲ್ಲಿ ಸ್ವಿಚ್ ಇತ್ತು. ಇಂದು ಮೂಲನಿವಾಸಿಗಳ ರಾಷ್ಟ್ರೀಯ ಚಾನೆಲ್ ಎನ್‌ಐಟಿವಿ ಎಸ್‌ಬಿಎಸ್‌ನದೇ ಭಾಗ. 2012ರ ಡಿಸೆಂಬರ್ 12ರಿಂದ ಸಂಖ್ಯೆ 34ರಲ್ಲಿ ಉಚಿತವಾಗಿ ಬರುತ್ತಿದೆ.

## ಮನೆಯ ಆಂಟೆನಾ ಮತ್ತು ಡಿಶ್

ಡಿಜಿಟಲ್ ಆದ ಮೇಲೆ ಹಳ್ಳಿಯವರಿಗೆ ಲಾಭವಾಯ್ತಾ ನಷ್ಟವಾಯ್ತಾ?

ಒಟ್ಟಾರೆ ದೊಡ್ಡ ಲಾಭ, ಅಂಚಿನಲ್ಲಿದ್ದ ಕೆಲವರಿಗೆ ನಷ್ಟ. ಅನಲಾಗ್ ಕಾಲದಲ್ಲಿ ಸಿಗ್ನಲ್ ಬಡವಾದರೆ ಚಿತ್ರದಲ್ಲಿ ಚುಕ್ಕೆ ಸುರಿಯುತ್ತಿತ್ತು, ಆದರೂ ನೋಡಬಹುದಿತ್ತು. ಡಿಜಿಟಲ್‌ನಲ್ಲಿ ಚಿತ್ರ ಚೆನ್ನಾಗಿರುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದರೆ ಚೌಕಚೌಕವಾಗಿ ಒಡೆದು ಪೂರ್ತಿ ಹೋಗುತ್ತದೆ. ಡಿಜಿಟಲ್ ಪ್ರಸಾರ 2001ರ ಜನವರಿ 1ರಂದು ರಾಜಧಾನಿಗಳಲ್ಲಿ ಶುರುವಾಯಿತು. ಅನಲಾಗ್ ಅನ್ನು ಮೊದಲು ನಿಲ್ಲಿಸಿದ್ದು ಮಾತ್ರ ಒಳನಾಡಿನ ಮಿಲ್ಡುರಾದಲ್ಲಿ, 2010ರ ಜೂನ್ 30ರಂದು. ಕೊನೆಯದು 2013ರ ಡಿಸೆಂಬರ್ 10.

ಆಮೇಲೆ ಚಾನೆಲ್‌ಗಳನ್ನೆಲ್ಲ ಒತ್ತೊತ್ತಾಗಿ ಜೋಡಿಸಿದರು. ಒಂದು ಪ್ರೇಷಕ ಗುಡ್ಡದ ಎಲ್ಲ ಚಾನೆಲ್‌ಗಳೂ ಆರಾರರ ಗುಂಪಿನಲ್ಲಿ ಒಂದೇ ಕಡೆ ಬರುತ್ತವೆ: ವಿಎಚ್‌ಎಫ್ 6ರಿಂದ 12ರ ನಡುವೆ, ಇಲ್ಲವೇ ಯುಎಚ್‌ಎಫ್ 28–33, 34–39, 40–45, 46–51ರಲ್ಲಿ ಒಂದು. ಎಸ್‌ಬಿಎಸ್‌ಗೆಂದು ಪ್ರತ್ಯೇಕ ಆಂಟೆನಾ ಹಾಕುವ ಕಾಲ ಅಲ್ಲಿಗೆ ಮುಗಿಯಿತು.

ಹೊಸ ಊರಿಗೆ ಬಂದಿದ್ದೀವಿ, ಎಸ್‌ಬಿಎಸ್ ಒಂದು ಬಿಟ್ಟು ಎಲ್ಲ ಬರ್ತಿದೆ. ಏನು ಮಾಡೋದು?

ಮೊದಲು ಟಿವಿಯಲ್ಲಿ ಚಾನೆಲ್‌ಗಳನ್ನು ಅಳಿಸಿ ಹೊಸದಾಗಿ ಸ್ಕ್ಯಾನ್ ಮಾಡಿ. ಊರು ಬದಲಿಸಿದಾಗ ಹಳೆಯ ಪಟ್ಟಿ ಉಳಿದಿರುವುದೇ ಎಷ್ಟೋ ಸಲ ತೊಂದರೆ. ಆಗಲಿಲ್ಲವೆಂದರೆ ಸರ್ಕಾರದ ಮೈಸ್ವಿಚ್ ಜಾಲತಾಣದಲ್ಲಿ ವಿಳಾಸ ಹಾಕಿ. ಯಾವ ಗುಡ್ಡದಿಂದ, ಯಾವ ಚಾನೆಲ್‌ಗಳಲ್ಲಿ, ಅಡ್ಡ ಅಥವಾ ನೇರ (ಲಂಬ) ಯಾವ ಧ್ರುವೀಕರಣದಲ್ಲಿ, ಅಂದರೆ ಅಲೆ ಯಾವ ದಿಕ್ಕಿನಲ್ಲಿ ತೂಗುವ ಹಾಗೆ, ಪ್ರಸಾರ ಇದೆ ಎಂದು ಅದು ತೋರಿಸುತ್ತದೆ.

ಆಮೇಲೆ ಛಾವಣಿ ನೋಡಿ. ದೊಡ್ಡ ಪ್ರೇಷಕಗಳು ಹೆಚ್ಚಾಗಿ ಅಡ್ಡ ಧ್ರುವೀಕರಣ, ಸಣ್ಣ ಮರುಪ್ರಸಾರ ಕೇಂದ್ರಗಳು ಹಲವು ಕಡೆ ನೇರ. ಆಂಟೆನಾದ ಕಡ್ಡಿಗಳು ನೆಲಕ್ಕೆ ಸಮಾನಾಂತರವಾಗಿ ಇದ್ದು ಪ್ರಸಾರ ನೇರ ಧ್ರುವೀಕರಣದ್ದಾದರೆ ಸಿಗ್ನಲ್‌ನ ದೊಡ್ಡ ಪಾಲು ಹೋಗುತ್ತದೆ, ಆಂಟೆನಾವನ್ನು 90 ಡಿಗ್ರಿ ತಿರುಗಿಸಬೇಕು. ಹಳೆಯ ಮನೆಗಳಲ್ಲಿ 28–35ಕ್ಕೆಂದೇ ಮಾಡಿದ ಆಂಟೆನಾ ಉಳಿದಿರುತ್ತದೆ, ಊರಿನ ಗುಂಪು 46–51 ಆಗಿದ್ದರೆ ಅದು ಸಾಲದು.

ಅಳತೆ ಮಾಡಿಸುವುದಾದರೆ ಗೋಡೆಯ ಸಾಕೆಟ್ಟಿನಲ್ಲಿ 45ರಿಂದ 80 ಡೆಸಿಬೆಲ್ ಮೈಕ್ರೊವೋಲ್ಟ್ ಇರಬೇಕು. ಎರಡು ಟಿವಿಗೆ ಹಂಚುವ ಸ್ಪ್ಲಿಟರ್ ಸುಮಾರು 4 ಡೆಸಿಬೆಲ್ ತಿನ್ನುತ್ತದೆ, ನಾಲ್ಕಕ್ಕೆ ಹಂಚುವುದು ಸುಮಾರು 8. ಹಳೆಯ ತೆಳು ಕೇಬಲ್ ತೆಗೆದು ಆರ್‌ಜಿ-6 ನಾಲ್ಕುಪದರದ ಕವಚದ ಕೇಬಲ್ ಹಾಕಿಸಿ. ಬಿಳಿ ಕೋಕಟೂ ಗಿಳಿಗಳು ಛಾವಣಿಯ ಕೇಬಲ್ ಕಡಿದುಹಾಕುವುದು ಅಲ್ಲಿ ದಿನನಿತ್ಯದ ತೊಂದರೆ. ಹೊರಗಿನ ಕೇಬಲ್ಲನ್ನು ಪೈಪಿನೊಳಗೆ ಹಾಯಿಸುವುದು ಲೇಸು.

ಬೂಸ್ಟರ್ ಹಾಕಿದ್ರೂ ಇನ್ನೂ ಹಾಳಾಯ್ತು, ಯಾಕೆ?

ಬೂಸ್ಟರ್ ಸಿಗ್ನಲ್ ಜೊತೆ ಗದ್ದಲವನ್ನೂ ಹಿಗ್ಗಿಸುತ್ತದೆ. ಕೇಬಲ್‌ನಲ್ಲಿ ಆಗುವ ನಷ್ಟ ತುಂಬಲು ಮಾತ್ರ ಅದು ಉಪಯೋಗ, ಆದ್ದರಿಂದ ಟಿವಿ ಹಿಂದೆ ಅಲ್ಲ, ಆಂಟೆನಾ ಕಂಬದ ತುದಿಯಲ್ಲೇ ಇರಬೇಕು. ಇನ್ನೊಂದು ಕಾರಣ 4ಜಿ. ಟಿವಿಯ ಪಟ್ಟಿ ಈಗ 694 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ, ಅದರ ಮೇಲಿನದನ್ನು ಮೊಬೈಲ್ ಕಂಪನಿಗಳಿಗೆ ಕೊಟ್ಟಿದ್ದಾರೆ. ಹಳೆಯ ಬೂಸ್ಟರ್ 820ರವರೆಗೂ ಹಿಗ್ಗಿಸುತ್ತದೆ. ಹತ್ತಿರದಲ್ಲಿ ಮೊಬೈಲ್ ಟವರ್ ಇದ್ದರೆ ಉಸಿರುಕಟ್ಟಿ ಎಲ್ಲ ಚಾನೆಲ್ಲೂ ಹಾಳಾಗುತ್ತವೆ. 694ಕ್ಕೆ ತಡೆಯುವ 4ಜಿ ಫಿಲ್ಟರನ್ನು ಬೂಸ್ಟರಿನ ಮುಂದೆ, ಅಂದರೆ ಆಂಟೆನಾ ಕಡೆಗೆ, ಹಾಕಿ.

ಯಾವ ಗುಡ್ಡವೂ ಕಾಣದ ಕಡೆ ಇದ್ದೀವಿ. ಡಿಶ್ ಹಾಕಿಸಬಹುದಾ?

ಹೌದು. ವಾಸ್ಟ್ ಎಂಬ ಸರ್ಕಾರಿ ನೆರವಿನ ಉಪಗ್ರಹ ಸೇವೆ 2010ರಿಂದ ಇದೆ. ಎಸ್‌ಬಿಎಸ್‌ನ ಚಾನೆಲ್‌ಗಳೂ ಅದರಲ್ಲಿ ಬರುತ್ತವೆ, ತಿಂಗಳ ಶುಲ್ಕ ಇಲ್ಲ. ಬೇಕಾಗುವುದು ವಾಸ್ಟ್‌ಗೆಂದೇ ಪ್ರಮಾಣಿತ ರಿಸೀವರ್, ಅದರ ಸ್ಮಾರ್ಟ್‌ಕಾರ್ಡ್, ಡಿಶ್‌ನ ಎದುರು ಕೂರುವ, 10.7 ಗಿಗಾಹರ್ಟ್ಸ್ ಆಸಿಲೇಟರ್ ಇರುವ ಎಲ್‌ಎನ್‌ಬಿ ಎಂಬ ಸಿಗ್ನಲ್ ಹಿಡಿಯುವ ಭಾಗ, ಜಾಗ ನೋಡಿಕೊಂಡು 65ರಿಂದ 90 ಸೆಂಟಿಮೀಟರ್ ಡಿಶ್. ಮಳೆ ಹೆಚ್ಚಿರುವ ಉತ್ತರದ ಕಡೆ ದೊಡ್ಡದೇ ಇರಲಿ. ಕಾರ್ಡನ್ನು ನೋಂದಾಯಿಸಬೇಕು. ಕಾರವಾನ್‌ನಲ್ಲಿ ತಿರುಗುವವರಿಗೆ ತಾತ್ಕಾಲಿಕ ಅನುಮತಿ ಕೊಡುತ್ತಾರೆ.

ಉಪಗ್ರಹ ಇರುವುದು ಪೂರ್ವ ರೇಖಾಂಶ 156 ಡಿಗ್ರಿಯಲ್ಲಿ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಡಿಶ್ ನಿಜ ಉತ್ತರದಿಂದ ಸುಮಾರು 45 ಡಿಗ್ರಿ ಪೂರ್ವಕ್ಕೆ, ಮೇಲಕ್ಕೆ ಸುಮಾರು 53 ಡಿಗ್ರಿ ನೋಡಬೇಕು. ಬ್ರೋಕನ್ ಹಿಲ್‌ನಲ್ಲಿ ಸುಮಾರು 26 ಡಿಗ್ರಿ ಪೂರ್ವಕ್ಕೆ, ಮೇಲಕ್ಕೆ ಸುಮಾರು 50. ಭಾರತದಲ್ಲಿ ಡಿಶ್ ದಕ್ಷಿಣಕ್ಕೆ ಮುಖ ಮಾಡುತ್ತದೆ, ಅಲ್ಲಿ ಉತ್ತರಕ್ಕೆ. ಹೊಸದಾಗಿ ಹೋದವರು ಈ ಅಭ್ಯಾಸ ಬಿಡಬೇಕು. ದಿಕ್ಸೂಚಿ ತೋರಿಸುವುದು ಕಾಂತೀಯ ಉತ್ತರ, ಅದನ್ನು ಸರಿಪಡಿಸಿಕೊಳ್ಳದಿದ್ದರೆ ಕೆಲವು ಕಡೆ ಹತ್ತು ಡಿಗ್ರಿಗೂ ಮೀರಿ ತಪ್ಪಬಹುದು.

ಊರಿಂದ ತಂದ ಟಿವಿ ಅಲ್ಲಿ ನಡೆಯುತ್ತಾ?

ವಿದ್ಯುತ್ 230 ವೋಲ್ಟ್, 50 ಹರ್ಟ್ಸ್, ಅದು ಸರಿ. ಪ್ಲಗ್ ಬದಲಿಸಬೇಕು. ಟ್ಯೂನರ್ ಡಿವಿಬಿ-ಟಿ ಎಂಬ ಡಿಜಿಟಲ್ ಪ್ರಸಾರದ ಮಾದರಿಯನ್ನು 7 ಮೆಗಾಹರ್ಟ್ಸ್ ಅಗಲದಲ್ಲಿ ಹಿಡಿಯಬೇಕು, ಚಿತ್ರವನ್ನು ಅಡಕಗೊಳಿಸುವ ಎಂಪೆಗ್-4 ಕ್ರಮವನ್ನೂ ಓದಬೇಕು. ಎಂಪೆಗ್-2 ಮಾತ್ರ ಬಲ್ಲ ಸೆಟ್‌ನಲ್ಲಿ ಕೆಲವು ಎಚ್‌ಡಿ ಚಾನೆಲ್‌ಗಳು ಹೆಸರಷ್ಟೇ ತೋರಿಸಿ ಕಪ್ಪಾಗಿರುತ್ತವೆ. ಅಲ್ಲೇ ಒಂದು ಸೆಟ್‌ಟಾಪ್ ಬಾಕ್ಸ್ ಕೊಂಡು ಎಚ್‌ಡಿಎಂಐನಲ್ಲಿ ಜೋಡಿಸಿದರೆ ಮುಗಿಯಿತು.

## ಊರಿನದೇ ಮರುಪ್ರಸಾರ ಕೇಂದ್ರ

ಸೆಲ್ಫ್ ಹೆಲ್ಪ್ ಕೇಂದ್ರದಲ್ಲಿ ಏನೇನು ಇರುತ್ತೆ?

ಎತ್ತರದ ಜಾಗ, ಕಂಬ ಅಥವಾ ನೀರಿನ ಟ್ಯಾಂಕು, ಒಂದು ತಗಡಿನ ಕೋಣೆ. ಒಳಬರುವ ಸಿಗ್ನಲ್‌ಗೆ ದೂರದ ದೊಡ್ಡ ಪ್ರೇಷಕದ ಕಡೆ ತಿರುಗಿದ ಆಂಟೆನಾ ಅಥವಾ ಉಪಗ್ರಹದ ಡಿಶ್. ಪ್ರತಿ ಚಾನೆಲ್ಲಿಗೆ ಒಂದು ಮಾಡ್ಯುಲೇಟರ್ ಅಥವಾ ಆವರ್ತನ ಬದಲಿಸುವ ಟ್ರಾನ್ಸ್‌ಲೇಟರ್, ಕೆಲವು ವ್ಯಾಟಿನ ಆಂಪ್ಲಿಫೈಯರ್, ಎಲ್ಲವನ್ನೂ ಒಂದೇ ಆಂಟೆನಾಕ್ಕೆ ಸೇರಿಸುವ ಕಂಬೈನರ್. 1992ರ ರೇಡಿಯೊಕಮ್ಯುನಿಕೇಷನ್ಸ್ ಕಾಯ್ದೆಯಡಿ ಪ್ರೇಷಕಕ್ಕೆ ಲೈಸೆನ್ಸ್ ಬೇಕು, ಆವರ್ತನವನ್ನು ನಿಯಂತ್ರಣ ಸಂಸ್ಥೆ ಎಸಿಎಂಎ ನಿಗದಿಮಾಡುತ್ತದೆ.

10 ವ್ಯಾಟ್ ಸಾಕಾ? ಎಷ್ಟು ದೂರ ಹೋಗುತ್ತೆ?

ಲೆಕ್ಕ ಹೀಗೆ. ಆಂಟೆನಾದ ಗಳಿಕೆ (ಗೇನ್) 10 ಡೆಸಿಬೆಲ್, ಕೇಬಲ್ ಮತ್ತು ಕಂಬೈನರ್ ನಷ್ಟ 3 ಎಂದುಕೊಳ್ಳಿ. ನಿವ್ವಳ 7 ಡೆಸಿಬೆಲ್, ಅಂದರೆ ಐದುಪಟ್ಟು. 10 ವ್ಯಾಟ್ ಊರಿನ ಕಡೆಗೆ 50 ವ್ಯಾಟಿನಂತೆ ಕೆಲಸ ಮಾಡುತ್ತದೆ. ಕಣ್ಣಿಗೆ ಕಾಣುವ ಸಣ್ಣ ಊರಿಗೆ ಇಷ್ಟು ಸಾಕಾಗುತ್ತದೆ.

ರೇಡಿಯೊ ದಿಗಂತಕ್ಕೆ ಎರಡೂ ತುದಿಯ ಎತ್ತರಗಳ ವರ್ಗಮೂಲ ತೆಗೆದು ಕೂಡಿಸಿ 4.12ರಿಂದ ಗುಣಿಸಿ. ಪ್ರೇಷಕ 100 ಮೀಟರ್, ಮನೆಯ ಆಂಟೆನಾ 9 ಮೀಟರ್ ಎತ್ತರದಲ್ಲಿದ್ದರೆ 10 ಮತ್ತು 3 ಸೇರಿ 13, ಸುಮಾರು 54 ಕಿಲೋಮೀಟರ್. ಇದು ಸಮತಟ್ಟು ನೆಲದ ಮಿತಿ. ನಡುವೆ ಒಂದು ಗುಡ್ಡ ಬಂದರೆ ವ್ಯಾಟ್ ಎಷ್ಟು ಹೆಚ್ಚಿಸಿದರೂ ಪ್ರಯೋಜನ ಕಡಿಮೆ. ಹಣವನ್ನು ಶಕ್ತಿಗಿಂತ ಎತ್ತರಕ್ಕೆ ಹಾಕುವುದು ಮೇಲು.

ಬಂದ ಚಾನೆಲ್‌ನಲ್ಲೇ ಮತ್ತೆ ಕಳಿಸಬಾರದಾ? ಬೇರೆ ಚಾನೆಲ್ ಯಾಕೆ?

ಕಳಿಸಿದ್ದನ್ನೇ ಒಳಬರುವ ಆಂಟೆನಾ ಮತ್ತೆ ಹಿಡಿದು, ಅದು ಮತ್ತೆ ಹಿಗ್ಗಿ ಕೇಂದ್ರ ಕಿರುಚಲು ಶುರುಮಾಡುತ್ತದೆ, ಮದುವೆ ಮನೆಯ ಮೈಕು ಸ್ಪೀಕರಿನ ಎದುರು ಬಂದಾಗ ಆಗುವ ಹಾಗೆ. ತಪ್ಪಿಸಲು ಎರಡು ಆಂಟೆನಾಗಳ ನಡುವಿನ ಪ್ರತ್ಯೇಕತೆ ಕೇಂದ್ರದ ಒಟ್ಟು ಗಳಿಕೆಗಿಂತ ಕನಿಷ್ಠ 15–20 ಡೆಸಿಬೆಲ್ ಹೆಚ್ಚಿರಬೇಕು. ಎರಡನ್ನೂ ಗುಡ್ಡದ ಬೇರೆ ಬೇರೆ ಮಗ್ಗುಲಿಗೆ ಹಾಕಿ, ಒಂದನ್ನು ಅಡ್ಡ, ಇನ್ನೊಂದನ್ನು ನೇರ ಮಾಡಿ ಇದನ್ನು ಸಾಧಿಸುತ್ತಾರೆ. ಅನಲಾಗ್ ಕಾಲದಲ್ಲಿ ಇದು ಬಹುತೇಕ ಅಸಾಧ್ಯ, ಬೇರೆ ಚಾನೆಲ್ ಬೇಕೇ ಬೇಕಿತ್ತು. ಡಿಜಿಟಲ್‌ನಲ್ಲಿ ಹಿಂದೆಮುಂದೆ ಬರುವ ಪ್ರತಿಗಳು ಗಾರ್ಡ್ ಇಂಟರ್ವಲ್ ಎಂಬ ಸಣ್ಣ ಅವಧಿಯೊಳಗೆ ಬಂದರೆ ರಿಸೀವರ್ ಸಹಿಸುತ್ತದೆ. ಅದರಿಂದ ಒಂದೇ ಚಾನೆಲ್ಲಿನ ಹಲವು ಪ್ರೇಷಕಗಳು ಅಕ್ಕಪಕ್ಕ ನಡೆಯಬಹುದು.

ವರ್ಷದಲ್ಲಿ ಎರಡು ಸಲ, ದಿನಾ ಅದೇ ಹೊತ್ತಿಗೆ ಕೆಲವು ನಿಮಿಷ ಎಲ್ಲ ನಿಂತುಹೋಗುತ್ತೆ. ಯಂತ್ರ ಕೆಟ್ಟಿದೆಯಾ?

ಇಲ್ಲ. ಉಪಗ್ರಹದಿಂದ ಸಿಗ್ನಲ್ ಪಡೆಯುವ ಕೇಂದ್ರಗಳಲ್ಲಿ ಮಾರ್ಚ್ ಮತ್ತು ಸೆಪ್ಟೆಂಬರ್ ಸುಮಾರಿಗೆ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ. ಅವನ ರೇಡಿಯೊ ಗದ್ದಲ ಡಿಶ್‌ನೊಳಗೆ ತುಂಬಿ ಸಿಗ್ನಲ್ ಮುಳುಗುತ್ತದೆ. ಕೆಲವು ದಿನ ಇದ್ದು ತಾನಾಗಿ ಹೋಗುತ್ತದೆ. ಆ ಹೊತ್ತಿನಲ್ಲಿ ಡಿಶ್ ತಿರುಗಿಸಲು ಹೋಗಬೇಡಿ, ಸರಿಯಿದ್ದದ್ದೂ ಕೆಡುತ್ತದೆ.

ಬೇಸಿಗೆ ರಾತ್ರಿ ಮಾತ್ರ ಚಿತ್ರ ಒಡೆಯುತ್ತೆ, ಬೆಳಿಗ್ಗೆ ಸರಿ. ಎಲ್ಲಿ ಹುಡುಕಬೇಕು?

ಕರಾವಳಿ ಮತ್ತು ಬಯಲಿನ ಊರುಗಳಲ್ಲಿ ಗಾಳಿ ಕದಲದ ಬೇಸಿಗೆ ರಾತ್ರಿಗಳಲ್ಲಿ ನೆಲದ ಹತ್ತಿರ ತಂಪು, ಮೇಲೆ ಬಿಸಿ ಪದರ ನಿಂತು ಅಲೆಗಳು ದಿಗಂತ ದಾಟಿ ನೂರಾರು ಕಿಲೋಮೀಟರ್ ಹರಿದುಬರುತ್ತವೆ. ಅದೇ ಚಾನೆಲ್ಲಿನ ದೂರದ ಪ್ರೇಷಕ ನಿಮ್ಮದರ ಮೇಲೆ ಬೀಳುತ್ತದೆ. ಖಚಿತಪಡಿಸಿಕೊಳ್ಳಲು ಸಿಗ್ನಲ್ ಪರದೆ ನೋಡಿ: ಬಲ ಎಂದಿನಷ್ಟೇ ಇದ್ದು ಗುಣಮಟ್ಟ ಮಾತ್ರ ಕುಸಿದರೆ ಇದೇ ಕಾರಣ. ಎರಡೂ ಕುಸಿದರೆ ಕೇಬಲ್, ಕನೆಕ್ಟರ್ ಹುಡುಕಿ. ಹಿಂದಿನಿಂದ ಬರುವುದನ್ನು ಕಡಿಮೆ ಹಿಡಿಯುವ, ದಿಕ್ಕು ಚೂಪಾದ ಆಂಟೆನಾ ಹಾಕಿದರೆ ಸುಧಾರಿಸುತ್ತದೆ. ಮನೆಯ ಛಾವಣಿಯನ್ನೇ ಅಡ್ಡಗೋಡೆ ಮಾಡಿಕೊಂಡು ಆಂಟೆನಾವನ್ನು ಸ್ವಲ್ಪ ತಗ್ಗಿಸಿ ನೋಡುವುದೂ ಕೆಲವು ಕಡೆ ಫಲ ಕೊಡುತ್ತದೆ.